ಒಂದೇ ಉಗ್ರಾಣದ ಒಡೆಯರಿಗೆ, ಅರವತ್ತು ಸಾಲುಗಳ ವಿಷಯವಾಗಿ

ತಾಂತ್ರಿಕ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಗಾಜಿನ ಕೋಣೆಯ ತಂಪು ಮತ್ತು ಗೋಡೆಯ ಮೇಲಿನ ತಮ್ಮ ಶೇಕಡಾವಾರು ಫಲಕ, ಈ ಮೂರೂ ಕ್ಷೇಮವಾಗಿವೆಯೆಂದು ನಂಬಿಕೊಂಡು, ವೆಬ್ ವಿಭಾಗದ ಮೂಲೆಯ ಮೇಜಿನಿಂದ ಈ ಪತ್ರ ಬರೆಯುತ್ತಿದ್ದೇನೆ. ತಾವು ದಯಮಾಡಿ ಕಳಿಸಿದ ನೋಟಿಸು ಸೋಮವಾರ ತಲುಪಿತು. ಒಂದು ಕಡೆ ಬರೆದಿರುವ ಕೋಡನ್ನೇ ಇನ್ನೊಂದು ಕಡೆ ಮತ್ತೆ ಬರೆದದ್ದೇಕೆ, ಅದರಿಂದಾಗಿ ಹಂಚಿಕೆಯ ಪ್ರಮಾಣ ತೊಂಬತ್ತರಿಂದ ಎಂಬತ್ತೊಂಬತ್ತಕ್ಕೆ ಇಳಿದದ್ದಕ್ಕೆ ಹೊಣೆ ಯಾರು ಎಂದು ಕೇಳಿದ್ದೀರಿ. ಹೊಣೆ ನಾನೇ. ವಿವರಣೆಯನ್ನು ತಮಗೊಬ್ಬರಿಗೇ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಏನಿದ್ದರೂ ಎಲ್ಲರೊಂದಿಗೆ ಹಂಚಿಕೊಳ್ಳಬೇಕೆಂದು ಒಂದು ವರ್ಷದಿಂದ ತಾವೇ ಬುದ್ಧಿ ಹೇಳುತ್ತ ಬಂದಿರುವುದರಿಂದ, ಇದನ್ನು ಕಚೇರಿಯ ಎಲ್ಲರಿಗೂ ಕಳಿಸುತ್ತಿದ್ದೇನೆ.

ಹೊಸದಾಗಿ ಸೇರಿದವರಿಗೂ ತಿಳಿಯಲೆಂದು ಎರಡು ಮಾತು. ನಾವು ಡಯಾಲಿಸಿಸ್ ಕೇಂದ್ರಗಳಿಗೆ ಸಮಯ ಕಾಯ್ದಿರಿಸುವ ವ್ಯವಸ್ಥೆ ಮಾಡಿಕೊಡುವವರು. ರೋಗಿಗಳು ಫೋನಿನ ಆ್ಯಪಿನಲ್ಲಿ ತಮ್ಮ ದಿನ, ಗಂಟೆ, ಕುರ್ಚಿ ನೋಡಿಕೊಳ್ಳುತ್ತಾರೆ. ಕೇಂದ್ರದಲ್ಲಿ ಕೂತ ಸ್ವಾಗತಕಾರಿಣಿ ಅದೇ ಪಟ್ಟಿಯನ್ನು ಕಂಪ್ಯೂಟರಿನ ವೆಬ್ ಪುಟದಲ್ಲಿ ನಡೆಸುತ್ತಾಳೆ. ಆರು ವರ್ಷ ಕಾಲ ಆ್ಯಪಿನ ಕೋಡು ಒಂದು ಉಗ್ರಾಣದಲ್ಲಿತ್ತು, ವೆಬ್ಬಿನದು ಇನ್ನೊಂದರಲ್ಲಿ. ಒಂದೇ ಲೆಕ್ಕವನ್ನು ಅವರೂ ಬರೆಯುತ್ತಿದ್ದರು, ನಾವೂ ಬರೆಯುತ್ತಿದ್ದೆವು. ಒಂದೇ ತಪ್ಪನ್ನು ಇಬ್ಬರೂ ಮಾಡಿ, ಇಬ್ಬರೂ ಬೇರೆ ಬೇರೆ ವಾರಗಳಲ್ಲಿ ತಿದ್ದುತ್ತಿದ್ದೆವು. ಇದನ್ನು ಕಂಡು ತಮಗೆ ಮರುಕ ಹುಟ್ಟಿ, ಎರಡೂ ಉಗ್ರಾಣಗಳ ನಡುವಿನ ಗೋಡೆ ಒಡೆಸಿ ಒಂದು ಮಾಡಿದಿರಿ. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ನಾಲ್ಕು ತಿಂಗಳು ನಮಗೆಲ್ಲ ಸುಖವೇ ಆಯಿತು. ದಿನಾಂಕದ ಲೆಕ್ಕ, ರೋಗಿಯ ತೂಕದ ಲೆಕ್ಕ, ಹೆಸರು ವಿಳಾಸಗಳ ತಪಾಸಣೆ ಇವೆಲ್ಲ ಒಂದೇ ಕಪಾಟಿಗೆ ಬಂದು ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರ ಬರೆಯುವ ಭಾಗ್ಯ ನನಗೆ ಒದಗುತ್ತಿರಲಿಲ್ಲ.

ಆದರೆ ದೊಡ್ಡವರು ಅಲ್ಲಿಗೆ ನಿಲ್ಲಿಸುವುದುಂಟೇ. ಹಂಚಿಕೊಂಡ ಕೋಡು ನೂರಕ್ಕೆ ಎಷ್ಟು ಎಂದು ತೋರಿಸುವ ಫಲಕವೊಂದನ್ನು ತಾವು ಗೋಡೆಗೆ ಹಾಕಿಸಿದಿರಿ. ಅರವತ್ತೊಂದಿದ್ದದ್ದು ಎಪ್ಪತ್ತನಾಲ್ಕಾಯಿತು, ಎಂಬತ್ತಾಯಿತು. ಫೋನಿನಲ್ಲಿ ಹೆಬ್ಬೆರಳಿಗೆ ಸಿಗಲೆಂದು ದಪ್ಪಗೆ ಮಾಡಿದ್ದ ಗುಂಡಿ ಸ್ವಾಗತಕಾರಿಣಿಯ ಪರದೆಗೂ ಬಂದು, ಮೊಳದುದ್ದ ಚಾಚಿಕೊಂಡು ಮಲಗಿತು. ಆಕೆಗೆಂದು ನಾನು ಮಾಡಿದ್ದ ಹದಿನೆಂಟು ಕಾಲಮ್ಮುಗಳ ಪಟ್ಟಿ ರೋಗಿಗಳ ಅಂಗೈಯಗಲದ ಫೋನಿಗೆ ಇಳಿದು, ಕನ್ನಡಕ ಹಾಕಿಕೊಂಡವರಿಗೂ ಇರುವೆ ಸಾಲಿನಂತೆ ಕಂಡಿತು. ಆಗ ಆ್ಯಪ್ ವಿಭಾಗದ ನನ್ನ ಸಹೋದ್ಯೋಗಿ, ಪ್ರತಿಯೊಂದನ್ನೂ ಹೆಬ್ಬೆರಳು ಆಡಿಸಿ ನೋಡದೆ ಒಪ್ಪದವನಾದ್ದರಿಂದ ನಾವೆಲ್ಲ ಹೆಬ್ಬೆರಳು ಎಂದೇ ಕರೆಯುವವನು, ಸಭೆಯಲ್ಲಿ ಎದ್ದು ನಿಂತು, "ಸಾರ್, ಫೋನು ಜೇಬಲ್ಲಿರತ್ತೆ, ಕಂಪ್ಯೂಟರು ಮೇಜಿನ ಮೇಲಿರತ್ತೆ, ಅದನ್ನ ಬಳಸೋ ರೀತೀನೇ ಬೇರೆ," ಎಂದ. ತಾವು ಕನ್ನಡಕ ತೆಗೆದು ಒರೆಸುತ್ತ, "ಮಾಡೋ ಕೆಲಸ ಒಂದೇ ಅಲ್ವೇನ್ರೀ," ಎಂದಿರಿ. ಆ ಒಂದೇ ಮಾತಿನಿಂದ ಎಷ್ಟು ದೊಡ್ಡ ಸಮಸ್ಯೆ ಪರಿಹಾರವಾಯಿತೆಂದರೆ, ಹೆಬ್ಬೆರಳು ಆಮೇಲೆ ಯಾವ ಸಭೆಯಲ್ಲೂ ಬಾಯಿ ತೆರೆಯಲಿಲ್ಲ.

ಫಲಕ ಎಂಬತ್ತೆಂಟಕ್ಕೆ ಬಂದು ನಿಂತುಬಿಟ್ಟಿತು. ಅದನ್ನು ತೊಂಬತ್ತಕ್ಕೆ ಏರಿಸಲು ಇನ್ನೇನಾದರೂ ಉಳಿದಿದೆಯೇ ಎಂದು ತಾವು ಹುಡುಕಿಸಿದಾಗ ಸಿಕ್ಕಿದ್ದು ಹತ್ತು ನಿಮಿಷದ ನಿಯಮ. ಇದು ಹೆಬ್ಬೆರಳು ಫೋನಿಗೆಂದೇ ಬರೆದದ್ದು, ಫೋನಿಗೆ ಬಹಳ ಒಳ್ಳೆಯದು. ರೋಗಿಯೊಬ್ಬ ತನ್ನ ಸಮಯ ಬದಲಿಸಲೆಂದು ಪುಟ ತೆರೆದು, ಅರ್ಧಕ್ಕೇ ಫೋನನ್ನು ಜೇಬಿಗಿಳಿಸಿ ಮರೆತುಬಿಟ್ಟರೆ, ಹತ್ತು ನಿಮಿಷ ಕಾದು ಆ ಕುರ್ಚಿಯನ್ನು ಕಾಯುವವರ ಸಾಲಿನಲ್ಲಿ ಮುಂದಿರುವವರಿಗೆ ಬಿಟ್ಟುಕೊಡುವುದು, ಬಿಟ್ಟವರಿಗೊಂದು ಧನ್ಯವಾದದ ಸಂದೇಶ ಕಳಿಸುವುದು, ಇಷ್ಟೇ. ಆದರೆ ಸ್ವಾಗತಕಾರಿಣಿ ಬೆಳಗ್ಗೆ ರೋಗಿಯ ಪುಟ ತೆರೆದಿಟ್ಟು, ಪಕ್ಕದ ಕಿಟಕಿಯಲ್ಲಿ ತೂಕ ಬರೆದುಕೊಳ್ಳುತ್ತಾಳೆ, ಫೋನೆತ್ತುತ್ತಾಳೆ, ನರ್ಸು ಕರೆದರೆ ಎದ್ದುಹೋಗುತ್ತಾಳೆ. ಕಂಪ್ಯೂಟರಿನ ಮುಂದೆ ಕೂತವರೆಲ್ಲ ಹಾಗೆಯೇ ಕೆಲಸ ಮಾಡುವುದು. ಹಾಗೆ ಹತ್ತು ನಿಮಿಷ ಮುಟ್ಟದೆ ಬಿಟ್ಟ ಪುಟವನ್ನೂ ಈ ನಿಯಮ ಮರೆತುಬಿಟ್ಟದ್ದೆಂದೇ ಎಣಿಸುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಶುಕ್ರವಾರ ಸಂಜೆಯೊಳಗೆ ಫಲಕ ತೊಂಬತ್ತು ತೋರಿಸಬೇಕೆಂದು ತಾವು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರಿಂದ, ಒಪ್ಪಿಗೆಯ ಗುಂಡಿ ಒತ್ತಿದವಳು ನಾನೇ. ತಾವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ.

ಮುಂದಿನ ಬುಧವಾರ ಬೆಳಗ್ಗೆ ಒಂದೇ ಕೇಂದ್ರದಲ್ಲಿ ಏಳು ಜನ ತಮಗೆ ಅರಿವಿಲ್ಲದಂತೆ ತಮ್ಮ ಕುರ್ಚಿಗಳನ್ನು ದಾನ ಮಾಡಿದರು.

ಸ್ವಾಗತಕಾರಿಣಿ ಫೋನು ಮಾಡಿದಾಗ ನಾನು ಹೊರಟು ಅಲ್ಲಿಗೇ ಹೋದೆ. ತಾವು ಆ ಜಾಗವನ್ನು ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಉದ್ದನೆಯ ಕೋಣೆ, ಗೋಡೆಗುಂಟ ಹನ್ನೆರಡು ಕುರ್ಚಿ, ಪ್ರತಿ ಕುರ್ಚಿಯ ಮಗ್ಗುಲಲ್ಲಿ ಒಂದು ಯಂತ್ರ, ಯಂತ್ರದಿಂದ ತೋಳಿಗೆ ಎರಡು ಕೊಳವೆ. ಕೂತವರು ನಾಲ್ಕು ಗಂಟೆ ಏಳುವಂತಿಲ್ಲ. ವಾರಕ್ಕೆ ಮೂರು ದಿನ ಬರಬೇಕು. ಒಂದು ದಿನ ತಪ್ಪಿದರೆ ಕಾಲು ಊದುತ್ತದೆ, ಎರಡು ದಿನ ತಪ್ಪಿದರೆ ಉಸಿರು ಕಟ್ಟುತ್ತದೆ. ಸ್ವಾಗತಕಾರಿಣಿ ನನ್ನನ್ನು ಬೈಯಲಿಲ್ಲ. ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ಹೇಳಿದಳು.

ಮೂರನೆಯ ಕುರ್ಚಿಯ ಅಜ್ಜ ನಿವೃತ್ತ ಬಸ್ ಕಂಡಕ್ಟರು. ಐದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಅಂದು ಎಂಟಾದರೂ ಅವರ ಸುಳಿವಿಲ್ಲ, ಅವರ ಹೊತ್ತಿಗೆ ಇನ್ನಾರದೋ ಹೆಸರು ಕಾಣುತ್ತಿದೆ. ಇವಳಿಗೆ ಅನುಮಾನ ಬಂದು ಹೊರಗೋಡಿದರೆ, ಅಜ್ಜ ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಮನೆಯ ಕಡೆಯ ಬಸ್ಸಿಗೆ ಕಾಯುತ್ತ ಕೂತಿದ್ದರು.

"ಯಾಕಜ್ಜ, ಬಾಗಿಲವರೆಗೂ ಬಂದು ವಾಪಸ್ ಹೊರಟ್ರಲ್ಲ?"

"ನಾನೇ ಬಿಟ್ಟುಕೊಟ್ಟಿದೀನಂತಲ್ಲಮ್ಮ. ಫೋನಲ್ಲಿ ಥ್ಯಾಂಕ್ಸ್ ಅಂತ ಬಂದಿದೆ, ನೋಡು. ಯಾವಾಗ ಕೊಟ್ಟೆನೋ ನೆನಪೇ ಆಗ್ತಿಲ್ಲ. ತಲೆ ಕೆಡ್ತಾ ಬಂತು ಅಂತ ಕಾಣತ್ತೆ."

ಮಾನ್ಯರೇ, ಅವರು ಫೋನನ್ನು ಅನುಮಾನಿಸಲಿಲ್ಲ, ತಮ್ಮ ತಲೆಯನ್ನೇ ಅನುಮಾನಿಸಿದರು. ಆಕೆ ಅವರ ಕೈಹಿಡಿದು ಕರೆತಂದು, ಮಧ್ಯಾಹ್ನ ಖಾಲಿಯಾದ ಮೊದಲ ಕುರ್ಚಿಯಲ್ಲಿ ಕೂರಿಸಿದಳು. ಉಳಿದ ಆರು ಜನರನ್ನೂ ಫೋನು ಹಚ್ಚಿ ಹಚ್ಚಿ ಕರೆಸಿ, ಕೊನೆಯವರ ಸೂಜಿ ತೆಗೆಯುವ ಹೊತ್ತಿಗೆ ಅವಳ ಪಾಳಿ ಮುಗಿದು ಮೂರು ತಾಸು ಕಳೆದಿತ್ತು. ಯಾರಿಗೂ ಏನೂ ಆಗಲಿಲ್ಲ. ನಾನು ಅಜ್ಜನ ಪಕ್ಕದ ಸ್ಟೂಲಿನ ಮೇಲೆ ಕೂತು, ತಪ್ಪು ನಮ್ಮದು, ನಿಮ್ಮ ನೆನಪಿನ ಶಕ್ತಿ ನೆಟ್ಟಗಿದೆ ಎಂದು ವಿವರಿಸಿದೆ. ಅವರು ಯಂತ್ರದ ಕಡೆ ನೋಡುತ್ತ, "ಮೂವತ್ತು ವರ್ಷ ಊರವರಿಗೆಲ್ಲ ಸೀಟು ಮಾಡಿಕೊಟ್ಟೋನು ನಾನು. ಕೂತಿರೋರ್ನ ಎಬ್ಬಿಸೋಕೆ ಮುಂಚೆ ಒಂದು ಮಾತು ಕೇಳ್ತಿದ್ದೆ," ಎಂದರು. ಆಮೇಲೆ, ನನ್ನ ಮುಖ ನೋಡಿಯೋ ಏನೋ, "ಹೋಗ್ಲಿ ಬಿಡಮ್ಮ, ತಲೆ ಸರಿಯಿದೆಯಲ್ಲ, ಅದೇ ಸಮಾಧಾನ," ಎಂದು ನನಗೇ ಧೈರ್ಯ ಹೇಳಿದರು.

ಅಂದು ಸಂಜೆ ಹೆಬ್ಬೆರಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ನಿಯಮವನ್ನು ಸ್ವಾಗತಕಾರಿಣಿಯ ಕೆಲಸಕ್ಕೆ ಹೊಂದುವಂತೆ ವೆಬ್ಬಿನ ಪಾಲಿಗೆ ಬೇರೆಯಾಗಿ ಬರೆದೆ. ಅವಳು ತಾನಾಗಿ ಹೌದು ಎನ್ನದೆ ಯಾರ ಕುರ್ಚಿಯೂ ಕದಲದು. ಒಟ್ಟು ಅರವತ್ತು ಸಾಲು. ಅದರಲ್ಲಿ ನಲವತ್ತು ಫೋನಿನವೇ, ಅಕ್ಷರಕ್ಕಕ್ಷರ ಅವೇ, ಒಪ್ಪಿಕೊಳ್ಳುತ್ತೇನೆ. ಗುರುವಾರ ಫಲಕ ಎಂಬತ್ತೊಂಬತ್ತಕ್ಕೆ ಇಳಿಯಿತು. ಏಳು ಜನ ಕುರ್ಚಿ ಕಳೆದುಕೊಂಡ ದಿನ ತೊಂಬತ್ತರಲ್ಲೇ ಅಲುಗದೆ ನಿಂತಿದ್ದ ಆ ಫಲಕದ ಸ್ಥಿತಪ್ರಜ್ಞತೆಯನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮ ದೂರದೃಷ್ಟಿಗೆ ತಲೆಬಾಗಿ ಕೆಲವು ಸಲಹೆ ಸಲ್ಲಿಸುತ್ತೇನೆ. ಹಂಚಿಕೆಯನ್ನು ಕೋಡಿಗಷ್ಟೇ ಸೀಮಿತಗೊಳಿಸುವುದು ಅನ್ಯಾಯ. ಎಡಗಾಲು ಬಲಗಾಲುಗಳು ಮಾಡುವ ಕೆಲಸವೂ ಒಂದೇ ಆದ್ದರಿಂದ ತಾವು ನಾಳೆಯಿಂದ ಎರಡೂ ಪಾದಕ್ಕೆ ಎಡಗಾಲಿನ ಬೂಟನ್ನೇ ಧರಿಸಿ ನಮಗೆ ದಾರಿ ತೋರಿಸಬೇಕು. ತಮ್ಮ ಓದುವ ಕನ್ನಡಕವನ್ನು ಕಾರಿನ ಚಾಲಕರೊಂದಿಗೆ ಹಂಚಿಕೊಳ್ಳಬೇಕು; ಇಬ್ಬರೂ ನೋಡುವುದು ಕಣ್ಣಿನಿಂದಲೇ ತಾನೇ. ಆ ಅರವತ್ತು ಸಾಲನ್ನು ಮಾತ್ರ ನಾನು ಅಳಿಸುವುದಿಲ್ಲ. ಅಳಿಸಲೇಬೇಕೆಂದಿದ್ದರೆ ತಾವೇ ಅಳಿಸಿ, ಮರುದಿನ ಬೆಳಗ್ಗೆ ಏಳಕ್ಕೆ ಆ ಕೇಂದ್ರದ ಬಾಗಿಲಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ಕೈಮುಗಿದು, ಕುರ್ಚಿ ಬಿಟ್ಟುಕೊಟ್ಟದ್ದಕ್ಕೆ ಧನ್ಯವಾದ ಎಂದು ತಾವೇ ಬಾಯಿಬಿಟ್ಟು ಹೇಳತಕ್ಕದ್ದು.

ಇಂತು, ಒಪ್ಪಿಗೆಯ ಗುಂಡಿಯಿಂದ ಬೆರಳು ಹಿಂತೆಗೆದುಕೊಂಡಿರುವ,
ತಮ್ಮ ವಿಶ್ವಾಸಿ,
ವೆಬ್ ವಿಭಾಗದ ಮೂಲೆಯ ಮೇಜಿನವಳು

ಮರೆತಿದ್ದ ಮಾತು: ದಿನದ ಪಟ್ಟಿಯನ್ನು ಕಾಗದಕ್ಕೆ ಮುದ್ರಿಸುವ ಗುಂಡಿಯೊಂದು ಬೇಕೆಂದು ಸ್ವಾಗತಕಾರಿಣಿ ಕೇಳಿದ್ದಾಳೆ. ಹಂಚಿಕೆಯ ನಿಯಮ ಮುರಿಯಬಾರದೆಂದು ಹೆಬ್ಬೆರಳೂ ನಾನೂ ಸೇರಿ ಕಚೇರಿಯ ಎಲ್ಲ ಫೋನುಗಳನ್ನೂ ತಿರುಗಿಸಿ ಮುರುಗಿಸಿ ನೋಡಿದೆವು. ಕಾಗದ ಹೊರಬರುವ ಕಿಂಡಿ ಯಾವುದರಲ್ಲೂ ಕಾಣಲಿಲ್ಲ. ತಮ್ಮ ಫೋನು ಬೆಲೆಬಾಳುವಂಥದ್ದು. ಅದರಲ್ಲಿ ಇದ್ದರೂ ಇರಬಹುದು, ದಯವಿಟ್ಟು ನೋಡಿ ತಿಳಿಸಿ.