ಕರಿ ಕೊಕ್ಕರೆಯ ಸರ್ವೆ

ಶಿರಿಯದ ಹೊಳೆಬದಿಯ ಜೌಗಿನಲ್ಲಿ ಕರಿ ಕೊಕ್ಕರೆಯನ್ನು ಕಂಡೆನೆಂದು ಹೊಸಂಗಡಿಯ ಹರಿನಾರಾಯಣ ಪಕ್ಷಿಪ್ರಿಯರ ವಾಟ್ಸಪ್ ಬಳಗದಲ್ಲಿ ಬರೆದದ್ದೇ ತಪ್ಪಾಯಿತು. ಈ ಕಡೆ ಯಾರಿಗೂ ಕಾಣದ ಅಪರೂಪದ ಹಕ್ಕಿ ಇವನೊಬ್ಬನಿಗೆ ಹೇಗೆ ಕಂಡಿತು? ಬಳಗದ ಹಿರಿಯರಾದ ಪುರಂದರ ಮಾಸ್ಟ್ರು, "ಫೋಟೋ ಎಲ್ಲಿ?" ಎಂದು ಕೇಳಿದರು. ಉಳಿದವರು ನಗುವ ಮುಖಗಳನ್ನು ಸಾಲಾಗಿ ಅಂಟಿಸಿದರು.

ಅಂದಿನಿಂದ ಪ್ರತಿ ಆದಿತ್ಯವಾರ ಅವನು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಬಂದು ಜೌಗಿನಲ್ಲಿ ನಿಲ್ಲುತ್ತಿದ್ದ. ಕೊಕ್ಕರೆ ಮೀನಿಗಾಗಿ ಮಾಡುವ ಬಕಧ್ಯಾನವನ್ನು ಇವನು ಕೊಕ್ಕರೆಗಾಗಿ ಮಾಡಿದ. ಬಂದದ್ದು ಬರೀ ಸೊಳ್ಳೆ. ಈ ವಾರವೂ ಫೋಟೋ ಸಿಗದಿದ್ದರೆ ಬಳಗದಲ್ಲಿ ಸುಳ್ಳುಗಾರನೆಂಬ ಹೆಸರು ಖಾಯಂ.

ಬಾಗಿ, ಕ್ಯಾಮೆರಾಕ್ಕೆ ಕಣ್ಣಿಟ್ಟು, ಹೊಳೆಯ ಕಡೆಗೇ ನೋಡುತ್ತ ನಿಂತಿದ್ದಾಗ ಬೆನ್ನ ಹಿಂದೆ ಗುಡುಗು ಕೇಳಿಸಿತು.

"ಸಿಕ್ಕಿದಿರಾ! ನಿಮ್ಮ ಫೋಟೋ ತೆಗೆದಾಯ್ತು, ಊರಿನ ಗ್ರೂಪಿಗೆ ಹಾಕಿಯೂ ಆಯ್ತು. ವಾರ ವಾರ ಬಂದು ಎಂತ ಅಳೆಯುದು ನೀವು?"

ಜೌಗಿನ ಬದಿಯ ಮನೆಯ ಅಕ್ಕು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಅಂಗಳ ಗುಡಿಸುವ ಹಿಡಿಸೂಡಿ.

"ಅಳೆಯುದಲ್ಲ ಅಕ್ಕಾ. ಹಕ್ಕಿ ನೋಡುದು."

"ಹಕ್ಕಿ ನೋಡ್ಲಿಕ್ಕೆ ಮೂರು ಕಾಲು ಎಂತಕ್ಕೆ? ಎರಡು ಕಣ್ಣು ಸಾಕಾಗುದಿಲ್ವಾ? ನನ್ನ ಬಾವಿಯ ಮೇಲೆ ರಸ್ತೆ ಬಂದ್ರೆ ಉಂಟಲ್ಲ, ಅದೇ ಬಾವಿಗೆ ನಿಮ್ಮನ್ನು ಹಾಕ್ತೇನೆ!"

ಹೈವೇ ಅಗಲವಾದ ಮೇಲೆ ಈ ಕಡೆ ಸ್ಟ್ಯಾಂಡ್ ಊರಿದವನೆಲ್ಲ ಸರ್ವೆಯವನೇ. ರಸ್ತೆಯೆಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ವಾಸಪ್ಪ ಕೆತ್ತಿದ ಎಳನೀರಿನ ಬೊಂಡ ಹಿಡಿದು ಓಡಿ ಬಂದ.

"ಬೊಂಡ ಕುಡೀರಿ ಸಾರ್. ಅಕ್ಕುವಿನ ಬಾವಿ ಬಿಡಿ. ರಸ್ತೆ ನನ್ನ ಮನೆಯ ಮೇಲೆಯೇ ಹೋಗ್ಲಿ. ಹೇಗೂ ಮಳೆಗೆ ಹಂಚಿನ ಮಾಡು ಸೋರ್ತದೆ, ಪರಿಹಾರದಲ್ಲಿ ಹೊಸತು ಕಟ್ಟಬಹುದು."

"ಮಾರಾಯ್ರೇ, ನಾನು ಬಂದದ್ದು ಕರಿ ಕೊಕ್ಕರೆಗೆ!"

"ಕೊಕ್ಕರೆಗೆ ಎಂತಕ್ಕೆ ಸಾರ್ ರಸ್ತೆ? ಅದು ಹಾರುದಲ್ವಾ?"

ಸ್ಟ್ಯಾಂಡನ್ನು ಕಿತ್ತು ಬಿಸಾಡಲು ಅಕ್ಕು ಒಂದು ಕಾಲು ಎಳೆದಳು. ತನ್ನ ಮನೆಯ ಕಡೆ ತಿರುಗಿಸಲು ವಾಸಪ್ಪ ಇನ್ನೊಂದನ್ನು ಎಳೆದ. ಮೂರನೆಯದನ್ನು ಹಿಡಿದಿದ್ದ ಹರಿನಾರಾಯಣ ಕ್ಯಾಮೆರಾ ಸಮೇತ ಕೆಸರಿಗೆ ಬಿದ್ದ. ಮೇಲಿಂದ ಬೊಂಡದ ನೀರಿನ ಅಭಿಷೇಕವೂ ಆಯಿತು. ಗದ್ದಲಕ್ಕೆ ಜೌಗಿನ ಹಕ್ಕಿಗಳೆಲ್ಲ ಹಾರಿಹೋದವು. ಪಾಪ, ಅವನಿಗೆ ಅಳುವೇ ಬಂತು.

ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಹೊಸಂಗಡಿ ಹತ್ತಿರವಾದಾಗ ಮೊಬೈಲು ನೋಡಿದರೆ ಬಳಗದಲ್ಲಿ ಚಪ್ಪಾಳೆಯ ಸುರಿಮಳೆ! ಅಕ್ಕು ಊರಿನ ಗ್ರೂಪಿಗೆ ಹಾಕಿದ ಫೋಟೋ ಅವರಿವರಿಂದ ದಾಟಿ ಪುರಂದರ ಮಾಸ್ಟ್ರನ್ನು ತಲುಪಿತ್ತು. ಅದರಲ್ಲಿ ಬಾಗಿ ನಿಂತ ಹರಿನಾರಾಯಣನ ಬೆನ್ನ ಹಿಂದೆಯೇ ಕೆಂಪು ಕೊಕ್ಕಿನ ಕರಿ ಕೊಕ್ಕರೆ, ಅವನನ್ನೇ ನೋಡುತ್ತ ನಿಂತಿತ್ತು.

ಮಾಸ್ಟ್ರು ಬರೆದಿದ್ದರು: "ನಮ್ಮ ಕಡೆ ಕರಿ ಕೊಕ್ಕರೆಯನ್ನು ಮೊದಲು ಕಂಡ ಶಿರಿಯದ ಶ್ರೀಮತಿ ಅಕ್ಕು ಅವರಿಗೆ ಅಭಿನಂದನೆಗಳು. ಫೋಟೋದಲ್ಲಿ ಆಚೆ ಯಾರದ್ದೋ ಹಿಂಭಾಗ ಬಿದ್ದದ್ದು ಮಾತ್ರ ಸ್ವಲ್ಪ ಅಸಹ್ಯ."

ಹರಿನಾರಾಯಣ ಕೆಸರು ಮೆತ್ತಿದ ಬೆರಳಿನಿಂದಲೇ ಬರೆದ: "ಮಾಸ್ಟ್ರೇ, ಅದು ನಾನೇ!"

ಕೂಡಲೇ ಉತ್ತರ ಬಂತು: "ಮುಖ ಕಾಣದೆ ನಂಬುದು ಹೇಗೆ ಮಾರಾಯ?"