ಪಾಪದಲ್ಲಿ ಪಾಲು

ದೇವರ ವಿಷಯದಲ್ಲಿ ನನಗೆ ಗೊತ್ತಿರುವುದು ಬಹಳ ಕಡಿಮೆ. ಇದನ್ನು ಹೆಂಡತಿಯ ಮುಂದೆ ಎಂದೋ ಒಪ್ಪಿಕೊಂಡಿದ್ದೇನೆ. ಆಸ್ಪತ್ರೆಯವರ ಮುಂದೆ ಒಪ್ಪಿಕೊಳ್ಳುವುದು ಮಾತ್ರ ಹಾಗೇ ಉಳಿದುಹೋಯಿತು. ಪದ್ಮನಾಭನಗರದಲ್ಲಿ ನಮ್ಮ ಎದುರುಮನೆಯ ಡಾಕ್ಟರು ಚಿಕಿತ್ಸೆಯ ಸರಿತಪ್ಪು ಯೋಚಿಸುವ ತಮ್ಮ ಆಸ್ಪತ್ರೆಯ ನೈತಿಕ ಸಮಿತಿಗೆ ಧರ್ಮಶಾಸ್ತ್ರ ಬಲ್ಲವರೊಬ್ಬರನ್ನು ಹುಡುಕುತ್ತಿದ್ದರು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ವ್ಯಾಕರಣ ಹೇಳಿಕೊಟ್ಟವನು. "ವ್ಯಾಕರಣ ಬೇರೆ, ದೇವರು ಬೇರೆ ಡಾಕ್ಟ್ರೇ" ಎಂದೆ. "ಎರಡೂ ಯಾರಿಗೂ ಅರ್ಥ ಆಗಲ್ಲ, ಬನ್ನಿ ಸಾರ್" ಎಂದರು. ಹೋದೆ. ಮೂರು ವರ್ಷ ಸಭೆಗಳಲ್ಲಿ ತಲೆಯಾಡಿಸಿದೆ, ಬೋಂಡ ತಿಂದೆ, ಆಕಳಿಸಿದೆ. ನನ್ನಿಂದ ಯಾರಿಗೂ ತೊಂದರೆಯಾಗಲಿಲ್ಲ.

ಹೋದ ತಿಂಗಳು ಮಾತ್ರ ಸಿಕ್ಕಿಬಿದ್ದೆ. ಅರೆಕೆರೆಯ ಮುನಿಯಪ್ಪ ಎಂಬ ಹಿರಿಯರು ಇಪ್ಪತ್ತು ದಿನಗಳಿಂದ ವೆಂಟಿಲೇಟರಿನಲ್ಲಿದ್ದರು. ಇನ್ನು ಚೇತರಿಸಿಕೊಳ್ಳುವುದಿಲ್ಲವೆಂದು ಎರಡು ತಂಡದ ವೈದ್ಯರೂ ಹೇಳಿಯಾಗಿತ್ತು. ಮಿಷಿನ್ ತೆಗೆಸಲು ಗಂಡುಮಕ್ಕಳಿಬ್ಬರೂ ಒಪ್ಪಿದ್ದರು. ಹೆಂಡತಿ ಪುಟ್ಟಮ್ಮ ಮಾತ್ರ, ದೇವರ ವಿಚಾರ ತಿಳಿದವರನ್ನು ಒಂದು ಮಾತು ಕೇಳಬೇಕು ಎಂದು ಕೂತಿದ್ದರು. ಸಭೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೋಂಡ ಕೆಳಗಿಟ್ಟೆ.

ಐಸಿಯು ಹೊರಗಿನ ಬೆಂಚಿನ ಮೇಲೆ ಆಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಮಿಷಿನ್ ತೆಗೆಸಿದ್ರೆ ಪಾಪ ಬರ್ತದಾ ಸ್ವಾಮಿ?"

ಆತ್ಮ, ಶರೀರ, ಕರ್ಮ ಎಂದು ಶುರುಮಾಡಿದೆ. ಮೂರನೆಯ ವಾಕ್ಯಕ್ಕೆ ನನಗೇ ದಾರಿ ತಪ್ಪಿತು. ಆಕೆ ತಾಳ್ಮೆಯಿಂದ ಕೇಳಿ, "ಅದೆಲ್ಲಾ ಸರಿ. ಬರ್ತದೋ ಇಲ್ವೋ?" ಎಂದರು.

"ನನಗೆ ಗೊತ್ತಿಲ್ಲ ಅಮ್ಮ" ಎಂದೆ. ಮೂರು ವರ್ಷದಲ್ಲಿ ಆ ಆಸ್ಪತ್ರೆಯಲ್ಲಿ ನಾನಾಡಿದ ಮೊದಲ ನಿಜ. ಆಕೆಯ ಮುಖ ನೋಡಲಾರದೆ ಇನ್ನೊಂದನ್ನೂ ಸೇರಿಸಿದೆ: "ಬರೋದಾದ್ರೆ ನನಗೂ ಪಾಲಿರಲಿ. ತೆಗೀಬಹುದು ಅಂತ ನಾನೂ ಹೇಳ್ತಿದ್ದೀನಲ್ಲ."

ಪುಟ್ಟಮ್ಮ ನನ್ನನ್ನು ಮೇಲಿಂದ ಕೆಳಗೆ ಅಳೆದರು. "ನಿಮ್ಗೆ ಹೆಂಡ್ತಿ ಮಕ್ಳು ಅವ್ರಾ?"

"ಇದ್ದಾರೆ."

"ಹಂಗಾರೆ ಬ್ಯಾಡ. ಅವ್ರಿಗ್ಯಾಕೆ ತಟ್ಬೇಕು? ಬಂದ್ರೆ ನಂಗೊಬ್ಳಿಗೇ ಬರ್ಲಿ. ಐವತ್ತು ವರ್ಸ ಅವರ ಜೊತೆ ಬಾಳ್ದೋಳು ನಾನು." ಸೆರಗಿನಿಂದ ನನ್ನ ಅಂಗಿಯ ಮೇಲಿದ್ದ ಬೋಂಡದ ಚೂರನ್ನು ಕೊಡವಿ, "ನೀವ್ ಅಳ್ಬ್ಯಾಡಿ" ಎಂದರು. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಮಾರನೆಯ ದಿನ ಮಧ್ಯಾಹ್ನ ಮಿಷಿನ್ ತೆಗೆದರು, ಮುನಿಯಪ್ಪನವರು ಹೋದರು. ಆಕೆ ಅವರ ಪಾದ ಹಿಡಿದು ಕೂತಿದ್ದರಂತೆ.

ಮೊನ್ನೆ ಸಭೆಯ ವರದಿ ಕೈಗೆ ಬಂತು. 'ಧರ್ಮಶಾಸ್ತ್ರಜ್ಞರು ಕುಟುಂಬದವರಿಗೆ ಸೂಕ್ತ ಸಮಾಧಾನ ಹೇಳಿದರು' ಎಂದಿತ್ತು. "ಸ್ವಾಮಿ, ಯಾರು ಯಾರಿಗೆ ಹೇಳಿದ್ದು ಅನ್ನೋದು ಇಲ್ಲಿ ತಲೆಕೆಳಗಾಗಿದೆ" ಎಂದು ಕಾರ್ಯದರ್ಶಿಗೆ ತೋರಿಸಿದೆ. ಆತ ಕನ್ನಡಕ ಏರಿಸಿ ಎರಡು ಸಲ ಓದಿ, "ವ್ಯಾಕರಣ ಸರಿಯಾಗೇ ಇದ್ಯಲ್ಲಾ ಸಾರ್?" ಎಂದ.

ಅದು ಸರಿಯಾಗಿಯೇ ಇತ್ತು.