ಗುಲಾಬಿ ಕೆರೆ ಇರುವುದು ಕೇರಳದಲ್ಲಿ

ನಮ್ಮ ಚಿಕ್ಕಮ್ಮನ ಹತ್ತಿರ ರವಿಕೆ ಹೊಲಿಯಲು ಕೊಟ್ಟವರಿಗೆ ಒಂದು ಮಾತನ್ನು ಖಾತ್ರಿಯಾಗಿ ಹೇಳಬಲ್ಲೆ. ರವಿಕೆ ಕೈಗೆ ಬರುವಷ್ಟರಲ್ಲಿ ಪ್ರಪಂಚದ ನಾಲ್ಕು ಕೆರೆಗಳ ವಿಷಯ ನಿಮಗೆ ಬಾಯಿಪಾಠವಾಗಿರುತ್ತದೆ. ರವಿಕೆಯ ತೋಳು ನಿಮ್ಮ ತೋಳಿಗೆ ಹೊಂದುತ್ತದೋ ಇಲ್ಲವೋ, ಅದನ್ನು ಮಾತ್ರ ಹೇಳಲಾರೆ.

ಕೆ. ಹೊಸಕೋಟೆಯಲ್ಲಿ ಬಸ್ಸಿಳಿದು ಎರಡು ನಿಮಿಷ ನಡೆದರೆ ಅವಳ ಅಂಗಡಿ. ಹೊಲಿಗೆ ಮಿಷನ್ನಿಗೆ ಮೊಬೈಲನ್ನು ಒರಗಿಸಿಟ್ಟು, ದೇಶದೇಶದ ವಿಚಿತ್ರ ಕೆರೆಗಳ ವಿಡಿಯೋ ಹಾಕಿಕೊಂಡು ಹೊಲಿಯಲು ಕೂರುತ್ತಿದ್ದಳು. ಮಿಷನ್ನು ಕಟಕಟ ಎನ್ನುವಾಗ ಮೊಬೈಲು ಹೇಳಿದ್ದರಲ್ಲಿ ಅರ್ಧ ಯಾರಿಗೆ ಕೇಳಿಸುತ್ತದೆ? ಕೇಳಿಸದ ಅರ್ಧವನ್ನು ಅವಳೇ ಸೇರಿಸಿ ಹೊಲಿದು, ಬಂದವರಿಗೆಲ್ಲ ಹೇಳುತ್ತಿದ್ದಳು.

"ಕೆರೆನೇ ಯಾಕೆ ಚಿಕ್ಕಮ್ಮ? ಬೆಟ್ಟ ಆಗಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಬೆಟ್ಟ ಬಾಗ್ಲು ತೆಗುದ್ರೆ ಕಾಣ್ತದೆ. ಅದ್ರ ಬಗ್ಗೆ ಇನ್ನೇನು ಕೇಳೋದು?" ಎಂದಳು.

ಒಂದು ದಿನ ಯಾರೋ ಹೆಂಗಸಿಗೆ ಅಳತೆ ತೆಗೆಯುತ್ತ, ಟ್ರಿನಿಡಾಡ್ ಎಂಬ ದೇಶದಲ್ಲಿ ಡಾಂಬರಿನ ಕೆರೆಯೊಂದಿದೆ, ಜನ ಅದರ ಮೇಲೆ ನಡೆದಾಡುತ್ತಾರೆ ಎಂದಳು. ಆ ಹೆಂಗಸು ಕೈ ಎತ್ತಿಕೊಂಡೇ, "ಕೆರೆ ಮೇಲೆ ನಡ್ಯೋಕೆ ಅಷ್ಟು ದೂರ ಯಾಕಕ್ಕ ಹೋಗ್ಬೇಕು? ನಮ್ಮೂರ ಕೆರೆಗೆ ಏಪ್ರಿಲ್‌ನಲ್ಲಿ ಬನ್ನಿ, ಕ್ರಿಕೆಟ್ಟೂ ಆಡ್ಬೋದು" ಎಂದಳು. ಚಿಕ್ಕಮ್ಮ ಮುಖ ಊದಿಸಿಕೊಂಡಳು. ಆ ರವಿಕೆ ಎರಡು ವಾರ ತಡವಾಯಿತು.

ಇಂಥ ಚಿಕ್ಕಮ್ಮನಿಗೆ ಸಿಕ್ಕ ಗಂಡ ಎಂಥವರು ಗೊತ್ತೇ? ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಟ್ಟು ಬರೆದಿಟ್ಟು, ತಪ್ಪು ಕಂಡರೆ ಮೈಮೇಲೆ ಇರುವೆ ಹರಿದಂತೆ ಚಡಪಡಿಸುವ ಮನುಷ್ಯ. ಕೆಲಸ ಬಿಟ್ಟ ಮೇಲೆ ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. ಕಣ್ಣು ಪೇಪರಿನ ಮೇಲೆ, ಕಿವಿ ಹೆಂಡತಿಯ ಮೇಲೆ.

"ಒಂದು ಕೆರೆ ಐತೆ, ಸಿಂಹ, ಆನೆ, ಏನೇ ಬಿದ್ರೂ ಅದ್ರಲ್ಲಿ ಕಲ್ಲಾಗ್ಬುಡ್ತದಂತೆ," ಎಂದು ಅವಳು ಶುರು ಮಾಡಿದರೆ, ಪೇಪರಿನ ಹಿಂದಿನಿಂದ ಧ್ವನಿ ಬರುತ್ತಿತ್ತು.

"ಹಕ್ಕಿ, ಬಾವಲಿ. ಅದೂ ಸತ್ತ ಮೇಲೆ, ಉಪ್ಪು ಹಿಡ್ದು ಗಟ್ಟಿ ಆಗ್ತವೆ. ಆನೆ ಎಲ್ಲಿಂದ ತಂದೆ ಮಾರಾಯ್ತಿ?"

"ನೀವು ಹೋಗಿ ನೋಡಿದ್ರಾ?"

"ನೀನು ಹೋಗಿ ನೋಡಿದ್ಯಾ?"

ಇಬ್ಬರೂ ನೋಡಿರಲಿಲ್ಲ. ಅವರು ಒಟ್ಟಿಗೆ ಮಾಡಿದ ದೊಡ್ಡ ಪ್ರಯಾಣವೆಂದರೆ ನಾನು ಕರೆದುಕೊಂಡು ಹೋದ ಬಿಸಿಲೆ ಘಾಟಿ. ಅಂದು ಕಣಿವೆಯ ತುಂಬ ಮಂಜು ಕೂತಿತ್ತು. ಚಿಕ್ಕಮ್ಮ ಕಂಬಿ ಹಿಡಿದು ನಿಂತು, ಇದೂ ಒಂದು ಕೆರೆಯೇ, ಬೆಳ್ಳನೆಯ ಕೆರೆ ಎಂದಳು. ಚಿಕ್ಕಪ್ಪ ಮಾತಾಡದೆ ಒಂದು ಕಲ್ಲಿನ ಮೇಲೆ ಕೂತರು. ಬಿಸಿಲೇರಿ, ಮಂಜು ಕರಗಿ, ಕೆಳಗಿನ ಕಾಡೆಲ್ಲ ಕಾಣುವವರೆಗೂ ಏಳಲಿಲ್ಲ. ಆಮೇಲೆ ಎದ್ದು, "ನೋಡು, ಎಲ್ಲೈತೆ ನಿನ್ನ ಕೆರೆ?" ಎಂದರು. ಇದೊಂದು ಮಾತಿಗಾಗಿ ಎರಡು ಗಂಟೆ ಕಾದಿದ್ದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಖುಷಿಯಾಗಿ ಜಗಳವಾಡಿದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬೆಂಚಿನ ಮೇಲೆ ಕೂತಿದ್ದಾಗಲೇ ಚಿಕ್ಕಪ್ಪನ ಕೈಯಿಂದ ಪೇಪರ್ ಜಾರಿತು. ಲಕ್ವ ಹೊಡೆದಿತ್ತು. ಹಾಸನದ ಆಸ್ಪತ್ರೆಯಿಂದ ಮೂರು ವಾರದ ಮೇಲೆ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಪೂರ್ತಿ ಹೋಗಿತ್ತು. ಎಲ್ಲ ಅರ್ಥವಾಗುತ್ತದೆ, ಮಾತಾಡಿಸುತ್ತಿರಿ, ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಚಿಕ್ಕಮ್ಮ ಅಂಗಡಿ ಖಾಲಿ ಮಾಡಿ, ಮಿಷನ್ನನ್ನು ಮನೆಯ ಮುಂದಿನ ಕೋಣೆಗೆ ತಂದು, ಅವರ ಕುರ್ಚಿಯ ಎದುರಿಗೇ ಹಾಕಿಕೊಂಡಳು.

ನಾನು ಆಲೂರಿನಲ್ಲಿ ಶಾಲಾ ಟೀಚರ್. ಭಾನುವಾರ ಬಿಡುವಾದಾಗ ಹೋಗಿಬರುತ್ತಿದ್ದೆ. ಹೋದಾಗಲೆಲ್ಲ ಚಿಕ್ಕಮ್ಮನ ಕೆರೆಗಳು ದಿಕ್ಕಾಪಾಲಾಗಿರುವುದು ಕಾಣುತ್ತಿತ್ತು. ಮೃತ ಸಮುದ್ರವನ್ನು ರಾಜಸ್ಥಾನಕ್ಕೆ ತಂದಿದ್ದಳು. ಪ್ರಪಂಚದಲ್ಲೆಲ್ಲ ಆಳವಾದ ಕೆರೆಗೆ ಸೊಂಟದುದ್ದ ನೀರು ಎಂದಳು. ವಯಸ್ಸಾಯಿತು, ಜೊತೆಗೆ ಈ ಕಷ್ಟ ಬೇರೆ, ತಲೆ ನಿಲ್ಲುತ್ತಿಲ್ಲ ಎಂದುಕೊಂಡೆ. ಮನೆಗೆ ಬಂದು ಹೇಳಿ ನಕ್ಕಿದ್ದೂ ಉಂಟು.

ಒಂದು ಭಾನುವಾರ ನಾನು ಗುಂಡಿ ಹಚ್ಚುತ್ತ ಕೂತಿದ್ದೆ. ಚಿಕ್ಕಮ್ಮ ಮಿಷನ್ನು ತುಳಿಯುತ್ತಲೇ, "ಗುಲಾಬಿ ಬಣ್ಣದ ಕೆರೆ ಐತಲ್ಲ, ಅದು ಇಲ್ಲೇ ಕೇರಳದಲ್ಲಿ ಇರೋದು," ಎಂದಳು.

ಚಿಕ್ಕಪ್ಪನ ಎಡಗೈ ಕುರ್ಚಿಯ ಮೇಲಿಂದ ಮೆಲ್ಲಗೆ ಎದ್ದಿತು. ಬಾಯಿ ತೆರೆದು, "ಆ..." ಎಂದರು. ನನಗೆ ಅದು ನರಳಿಕೆಯಂತೆ ಕೇಳಿಸಿತು. ತಪ್ಪು ಕಂಡಲ್ಲಿ ತಿದ್ದುವುದೇ ಟೀಚರ ಕೆಲಸವಲ್ಲವೇ? ನಾನು ಥಟ್ಟನೆ, "ಆಸ್ಟ್ರೇಲಿಯಾ, ಚಿಕ್ಕಮ್ಮ," ಎಂದುಬಿಟ್ಟೆ.

ಮಿಷನ್ನು ನಿಂತಿತು. ಚಿಕ್ಕಪ್ಪನ ಬಾಯಿ ಮುಚ್ಚಿತು, ಕೈ ಕೆಳಗಿಳಿಯಿತು.

"ನೀನ್ಯಾಕೆ ಹೇಳ್ದೆ ಕಣೇ?" ಎಂದಳು ಚಿಕ್ಕಮ್ಮ. ಬೈಯುವ ಧ್ವನಿಯಲ್ಲ ಅದು. "ಮೂರು ತಿಂಗ್ಳಿಂದ ದಿನಾ ತಪ್ಪು ಹೇಳ್ತಾ ಇದ್ದೆ. ಅವ್ರಿಗೆ ತಡ್ಕೊಳೋಕಾಗ್ದೆ ಒಂದಿನ ಬಾಯಿ ಬಿಟ್ಟಾರು ಅಂತ. ಇವತ್ತು ಬಿಟ್ಟಿದ್ರು."

ಆಮೇಲೆ ಅವಳು ಎಷ್ಟೋ ಸಲ ಅದೇ ಮಾತು ಹೇಳಿ ನೋಡಿದಳಂತೆ. ಚಿಕ್ಕಪ್ಪ ಬಾಯಿ ತೆರೆಯಲಿಲ್ಲ. ಆ ಮಳೆಗಾಲದಲ್ಲಿ ಕಫ ಕಟ್ಟಿ, ನಾಲ್ಕು ದಿನ ಮಲಗಿ ತೀರಿಕೊಂಡರು.

ಕಾರ್ಯ ಮುಗಿದ ಮೇಲೆ ನಾನು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಕೊನೆಗೆ ಒಂದು ರವಿಕೆ ಬಟ್ಟೆಯ ನೆಪ ಹಿಡಿದು ಹೋದೆ. ಬಟ್ಟೆ ಕೊಡುವ ಮೊದಲೇ ಅಳು ಬಂತು. "ಚಿಕ್ಕಮ್ಮ, ಅವತ್ತು ನಾನು ಸುಮ್ನಿದ್ದಿದ್ರೆ..." ಎಂದೆ.

ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ ನನ್ನ ಕಡೆ ನೋಡಿದಳು.

"ನೀನು ನನ್ನ ಮುಖ ನೋಡ್ತಿದ್ದೆ. ನಾನು ಅವ್ರ ಮುಖ ನೋಡ್ತಿದ್ದೆ," ಎಂದಳು. "ನೀನು ಆಸ್ಟ್ರೇಲಿಯಾ ಅಂದಾಗ ಅವ್ರಿಗೆ ಎಂಥ ಸಮಾಧಾನ ಆಯ್ತು ಗೊತ್ತಾ? ಅಬ್ಬ, ಇವ್ಳಿಗೆ ಹೇಳೋರು ಒಬ್ರು ಸಿಕ್ಕಿದ್ರಲ್ಲ ಅಂತ. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ಊಟ ಮಾಡಿದ್ರು."

"ನಿಜವಾ ಚಿಕ್ಕಮ್ಮ?"

"ಕೂತ್ಕೋ, ಕಾಫಿ ತರ್ತೀನಿ," ಎಂದು ಒಳಗೆ ಹೋದಳು. ಒಂದು ಲೋಟ ಕಾಫಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಒಳಗೇ ಇದ್ದಳು. ಬಂದಾಗ ಮುಖ ತೊಳೆದುಕೊಂಡಿದ್ದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ನಾನು ಹೇಳಲಿಲ್ಲ. ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ.